ಅಂಟಿಸಿಟ್ಟ ನೆನಪಿನ ಪ್ರಾಮಾಣ್ಯ

ಭಾರತೀಯ ತರ್ಕಶಾಸ್ತ್ರವು ತಿಳಿವನ್ನು ಅನುಭವವೆಂದೂ ಸ್ಮೃತಿಯೆಂದೂ ಎರಡಾಗಿ ವಿಂಗಡಿಸುತ್ತದೆ. ಇಂದ್ರಿಯದಿಂದಲೋ ಅನುಮಾನದಿಂದಲೋ ಪರರ ಮಾತಿನಿಂದಲೋ ಹೊಸದಾಗಿ ಹುಟ್ಟುವ ತಿಳಿವು ಅನುಭವವೆನಿಸಿದರೆ, ಹಿಂದಿನ ಅನುಭವವು ಆತ್ಮದಲ್ಲಿ ಒತ್ತಿಹೋದ ಗುರುತಿನಿಂದ, ಎಂದರೆ ಸಂಸ್ಕಾರದಿಂದ, ಮರಳಿ ಏಳುವ ತಿಳಿವು ಸ್ಮೃತಿಯೆನಿಸುತ್ತದೆ. 17ನೆಯ ಶತಮಾನದ ಅನ್ನಂಭಟ್ಟನ ‘ತರ್ಕಸಂಗ್ರಹ’ವನ್ನು ಓದಿದ ಪಾಠಶಾಲೆಯ ವಿದ್ಯಾರ್ಥಿಗೂ ಪರಿಚಿತವಾದ ಈ ವಿಂಗಡಣೆಯಲ್ಲಿ ಸ್ಮೃತಿಯ ನೆಲೆ ಆತ್ಮವೇ; ಅದನ್ನು ಮನಸ್ಸಿನ ಹೊರಗೆ, ದಪ್ಪ ಕಾಗದದ ಹಾಳೆಯ ಮೇಲೆ, ಕತ್ತರಿ ಮತ್ತು ಅಂಟಿನ ನೆರವಿನಿಂದ ಕಟ್ಟಬಹುದೆಂಬ ಕಲ್ಪನೆ ಅಲ್ಲಿಲ್ಲ. ಅಮೆರಿಕದ ಮಧ್ಯಮವರ್ಗದ ಮನೆಗಳಲ್ಲಿ, ಥೀಮ್ ಪಾರ್ಕಿನ ಪ್ರವಾಸ ಮುಗಿದ ಮೇಲೆ ಊಟದ ಮೇಜಿನ ತುಂಬ ಹರಡಿಕೊಳ್ಳುವ ಸ್ಕ್ರ್ಯಾಪ್‌ಬುಕ್ ಅಂಥದೊಂದು ಕಟ್ಟಡ. ಅದರ ಪುಟಗಳಲ್ಲಿರುವುದು ಯಾವ ಬಗೆಯ ತಿಳಿವು, ಅದು ಯಾರದು, ಅದನ್ನು ನಂಬಬಹುದೇ ಎಂಬ ಪ್ರಶ್ನೆಗಳು ಹವ್ಯಾಸದ ಅಂಗಡಿಯಲ್ಲಿ ಹುಟ್ಟಿದವಾದರೂ ಅಲ್ಲಿಯೇ ಮುಗಿಯುವಂಥವಲ್ಲ.

ಸ್ಕ್ರ್ಯಾಪ್‌ಬುಕ್ ಎಂದರೆ, ಹೆಸರೇ ಹೇಳುವಂತೆ, ಚೂರುಪಾರುಗಳ ಪುಸ್ತಕ. ಫೋಟೊ ಆಲ್ಬಮ್ಮಿನಲ್ಲಿ ಫೋಟೊಗಳಷ್ಟೇ ಇರುತ್ತವೆ. ಇದರಲ್ಲಾದರೋ ಪಾರ್ಕಿನ ನಕ್ಷೆ, ಪ್ರವೇಶದ ಟಿಕೆಟು, ತಿಂಡಿಯ ರಸೀದಿ, ಕಥಾಪಾತ್ರದ ವೇಷ ತೊಟ್ಟವರು ಮಗುವಿಗೆ ಹಾಕಿಕೊಟ್ಟ ಸಹಿ ಮೊದಲಾದವು ಬಣ್ಣದ ಕಾಗದದ ಹಿನ್ನೆಲೆಯಲ್ಲಿ ಫೋಟೊದ ಸುತ್ತ ಜಾಗ ಪಡೆಯುತ್ತವೆ, ಅವುಗಳ ನಡುವೆ ಪುಟ ಕಟ್ಟಿದವರ ಕೈಬರಹದ ನಾಲ್ಕು ಸಾಲುಗಳಿರುತ್ತವೆ. ಈ ಸಾಲುಗಳಿಗೆ ಹವ್ಯಾಸಿಗಳ ಬಳಗದಲ್ಲಿ ‘ಜರ್ನಲಿಂಗ್’ ಎಂಬ ಹೆಸರು. ಥೀಮ್ ಪಾರ್ಕನ್ನೂ ಜಾತ್ರೆಯ ರಾಟೆತೊಟ್ಟಿಲಿನಿಂದ ಬೇರ್ಪಡಿಸಿ ನೋಡಬೇಕು. ಜಾತ್ರೆಯ ಆಟಗಳು ಒಂದರ ಪಕ್ಕ ಒಂದು ನಿಂತಿರುತ್ತವೆಯೇ ಹೊರತು ಅವುಗಳನ್ನು ಹೊಂದಿಸುವ ಕಥೆಯೆಂಬುದಿಲ್ಲ. ಥೀಮ್ ಪಾರ್ಕಿನಲ್ಲಿ ಕಟ್ಟಡ, ಉಡುಪು, ಸಂಗೀತ, ಕಸದ ಬುಟ್ಟಿಯ ಬಣ್ಣ ಕೂಡ ಒಂದು ಕಥೆಗೆ ಒಳಪಟ್ಟಿರುತ್ತದೆ. ಈ ಮಾದರಿಗೆ ಜಗತ್ತಿನಾದ್ಯಂತ ಹೆಸರು ತಂದ ಡಿಸ್ನಿಲ್ಯಾಂಡ್ ಕ್ಯಾಲಿಫೋರ್ನಿಯಾದ ಆನಾಹೈಮ್‌ನಲ್ಲಿ, ಹಿಂದೆ ಕಿತ್ತಳೆ ತೋಟಗಳಿದ್ದ ನೆಲದಲ್ಲಿ, 1955ರ ಜುಲೈ 17ರಂದು ಬಾಗಿಲು ತೆರೆಯಿತು. ಫ್ಲಾರಿಡಾದ ಒರ್ಲ್ಯಾಂಡೊ ಬಳಿಯ ವಾಲ್ಟ್ ಡಿಸ್ನಿ ವರ್ಲ್ಡ್ 1971ರ ಅಕ್ಟೋಬರ್ 1ರಂದು ಆರಂಭವಾಯಿತು.

ಚೂರುಗಳನ್ನು ಅಂಟಿಸಿಡುವ ರೂಢಿ ಪಾರ್ಕಿಗಿಂತ ಬಹಳ ಹಳೆಯದು. ಓದಿದ್ದರಲ್ಲಿ ಮೆಚ್ಚಿದ್ದನ್ನು ವಿಷಯವಾರು ಬರೆದಿಡುವ ಟಿಪ್ಪಣಿ ಪುಸ್ತಕಕ್ಕೆ ತತ್ತ್ವಜ್ಞಾನಿ ಜಾನ್ ಲಾಕ್ ಒಂದು ಸೂಚಿಯ ಕ್ರಮವನ್ನೇ ರೂಪಿಸಿದ್ದನು. ಮಾರ್ಕ್ ಟ್ವೈನ್, ಮೊದಲೇ ಅಂಟು ಬಳಿದ ಪುಟಗಳ ಸ್ಕ್ರ್ಯಾಪ್‌ಬುಕ್ಕಿಗೆ 1873ರಲ್ಲಿ ಪೇಟೆಂಟ್ ಪಡೆದನು. 1888ರಲ್ಲಿ ಜಾರ್ಜ್ ಈಸ್ಟ್‌ಮನ್ನನ ಕೊಡ್ಯಾಕ್ ಕ್ಯಾಮೆರಾವೂ 1900ರಲ್ಲಿ ಒಂದು ಡಾಲರ್ ಬೆಲೆಯ ಬ್ರೌನಿಯೂ ಬಂದ ಮೇಲೆ ಮನೆಮನೆಯಲ್ಲಿ ಫೋಟೊಗಳು ರಾಶಿಬಿದ್ದವು. ಆದರೆ ಕುಟುಂಬದ ಸ್ಕ್ರ್ಯಾಪ್‌ಬುಕ್ ಒಂದು ಕರ್ತವ್ಯದಂತೆ, ಬಹುಮಟ್ಟಿಗೆ ಒಂದು ವ್ರತದಂತೆ, ನಡೆಯತೊಡಗಿದ್ದನ್ನು ತಿಳಿಯಲು ಕ್ಯಾಮೆರಾದ ಇತಿಹಾಸ ಸಾಲದು. ಅದಕ್ಕೆ ಯೂಟಾ ರಾಜ್ಯದ ಮಾರ್ಮನ್ ಸಮುದಾಯದ ಧರ್ಮಶ್ರದ್ಧೆಯ ಕಡೆಗೆ ತಿರುಗಬೇಕಾಗುತ್ತದೆ.

ಮಾರ್ಮನ್ನರೆಂದು ಜನ ಕರೆಯುವ, ‘ಕಡೆಯ ದಿನಗಳ ಸಂತರ ಯೇಸುಕ್ರಿಸ್ತನ ಸಭೆ’ ಎಂದು ತನ್ನನ್ನು ಹೆಸರಿಸಿಕೊಳ್ಳುವ ಪಂಥವನ್ನು ಜೋಸೆಫ್ ಸ್ಮಿತ್ ನ್ಯೂಯಾರ್ಕ್ ರಾಜ್ಯದಲ್ಲಿ 1830ರ ಏಪ್ರಿಲ್ 6ರಂದು ವಿಧಿವತ್ತಾಗಿ ಸ್ಥಾಪಿಸಿದನು. ಆ ದಿನವೇ ಅವನಿಗೆ ಬಂದಿತೆನ್ನಲಾದ ದೈವವಾಣಿ, ಸಭೆಯಲ್ಲಿ ದಾಖಲೆಯೊಂದನ್ನು ಇಡತಕ್ಕದ್ದೆಂಬ ಆಜ್ಞೆಯಿಂದಲೇ ತೊಡಗುತ್ತದೆ. ಈ ಪಂಥದ ನಂಬಿಕೆಯಂತೆ ದೇವಾಲಯದ ವಿಧಿಯೊಂದರಿಂದ ಕುಟುಂಬವನ್ನು ಮರಣದಾಚೆಗೂ ಬೆಸೆಯಬಹುದು, ಗತಿಸಿದ ಪೂರ್ವಿಕರ ಪರವಾಗಿ ಬದುಕಿರುವವರು ದೀಕ್ಷಾಸ್ನಾನ ಪಡೆಯಬಹುದು. ಪೂರ್ವಿಕರ ಹೆಸರು ತಿಳಿಯದೆ ಈ ಯಾವ ವಿಧಿಯೂ ನಡೆಯುವಂತಿಲ್ಲವಾದ್ದರಿಂದ ವಂಶಾವಳಿಯ ಶೋಧ ಅವರಿಗೆ ಮೋಕ್ಷಸಾಧನದ ಒಂದು ಅಂಗ. 1894ರಲ್ಲಿ ವಂಶಾವಳಿ ಸಂಘ ಹುಟ್ಟಿತು. 1960ರ ದಶಕದಲ್ಲಿ ಸಾಲ್ಟ್ ಲೇಕ್ ಸಿಟಿಯ ಹತ್ತಿರದ ಕಣಿವೆಯೊಂದರಲ್ಲಿ ಗ್ರಾನೈಟ್ ಬೆಟ್ಟವನ್ನೇ ಕೊರೆದು, ಲೋಕದ ನಾನಾ ದೇಶಗಳ ಜನನ ಮರಣ ವಿವಾಹಗಳ ದಾಖಲೆಗಳ ಮೈಕ್ರೋಫಿಲ್ಮುಗಳಿಗಾಗಿ ಉಗ್ರಾಣ ಕಟ್ಟಲಾಯಿತು. ಹಳೆಯ ಒಡಂಬಡಿಕೆಯ ಮಲಾಕಿಯನ ಗ್ರಂಥದಲ್ಲಿ, ದೇವರಿಗೆ ಅಂಜಿದವರಿಗಾಗಿ ಅವನ ಮುಂದೆ ಬರೆಯಲಾದ ಜ್ಞಾಪಕದ ಪುಸ್ತಕವೊಂದರ ಪ್ರಸ್ತಾಪವಿದೆ. ತಂದೆಗಳ ಹೃದಯ ಮಕ್ಕಳ ಕಡೆಗೂ ಮಕ್ಕಳ ಹೃದಯ ತಂದೆಗಳ ಕಡೆಗೂ ತಿರುಗುವುದೆಂಬ ಭವಿಷ್ಯವಾಣಿಯೂ ಅದೇ ಗ್ರಂಥದ್ದು. ಮಾರ್ಮನ್ ಮನೆಗಳಲ್ಲಿ ‘ಜ್ಞಾಪಕದ ಪುಸ್ತಕ’ವೆಂದರೆ ಒಂದು ರೂಪಕವಾಗಿ ಉಳಿಯದೆ ಕಪಾಟಿನಲ್ಲಿರುವ ಗಟ್ಟಿ ರಟ್ಟಿನ ವಸ್ತುವಾಯಿತು. ಸಭೆಯ ಅಧ್ಯಕ್ಷ ಸ್ಪೆನ್ಸರ್ ಕಿಂಬಾಲ್ 1970ರ ದಶಕದಲ್ಲಿ ಪ್ರತಿಯೊಬ್ಬ ಸದಸ್ಯನೂ ದಿನಚರಿ ಬರೆಯಬೇಕೆಂದು ಮತ್ತೆ ಮತ್ತೆ ಬೋಧಿಸಿದನು.

ಈ ಹಿನ್ನೆಲೆಯಲ್ಲಿಯೇ, ಸಾಲ್ಟ್ ಲೇಕ್ ಸಿಟಿಯಲ್ಲಿ 1980ರಲ್ಲಿ ನಡೆದ ದಾಖಲೆಗಳ ವಿಶ್ವ ಸಮ್ಮೇಳನದಲ್ಲಿ ಯೂಟಾದ ಸ್ಪ್ಯಾನಿಶ್ ಫೋರ್ಕ್ ಊರಿನ ಮಾರಿಲೆನ್ ಕ್ರಿಸ್ಟೆನ್‌ಸನ್ ಎಂಬ ಗೃಹಿಣಿ ತನ್ನ ಕುಟುಂಬದ ಐವತ್ತು ಸಂಪುಟಗಳ ಸ್ಕ್ರ್ಯಾಪ್‌ಬುಕ್ಕುಗಳನ್ನು ಪ್ರದರ್ಶಿಸಿದಳು. ಮರುವರ್ಷ ಅವಳೂ ಅವಳ ಗಂಡನೂ ಸೇರಿ ಆ ಕೌಶಲವನ್ನು ಕಲಿಸುವ ಪುಸ್ತಕ ಬರೆದು, ಸಾಮಗ್ರಿಗಳ ಅಂಗಡಿಯನ್ನೂ ತೆರೆದರು. ಇಂದಿನ ಸ್ಕ್ರ್ಯಾಪ್‌ಬುಕ್ ಹವ್ಯಾಸದ ಚರಿತ್ರೆಯನ್ನು ಬಹುತೇಕರು ಇಲ್ಲಿಂದಲೇ ಆರಂಭಿಸುತ್ತಾರೆ. ಮಿನ್ನೆಸೋಟಾದಲ್ಲಿ 1987ರಲ್ಲಿ ಹುಟ್ಟಿದ ‘ಕ್ರಿಯೇಟಿವ್ ಮೆಮೊರೀಸ್’ ಕಂಪನಿ ಈ ಹವ್ಯಾಸವನ್ನು ದೇಶದುದ್ದಕ್ಕೂ ಮನೆಮನೆಯ ಕೂಟಗಳ ಮೂಲಕ ಹಬ್ಬಿಸಿತು. ಆ ವೇಳೆಗೆ ಅದರ ಧಾರ್ಮಿಕ ಮೂಲ ಮಸುಕಾಗಿ, ಮಾರಾಟದ ಮಾತು ಮುಂದೆ ಬಂದಿತ್ತು. ಆದರೂ ಮೂಲದ ಒತ್ತಾಯ ಹೋಗಲಿಲ್ಲ. ಪ್ರವಾಸ ಮುಗಿದು ಆರು ತಿಂಗಳಾದರೂ ಫೋಟೊಗಳು ಡಬ್ಬಿಯಲ್ಲಿಯೇ ಉಳಿದಿವೆಯೆಂದು ಹವ್ಯಾಸಿಗಳಲ್ಲಿ ಕಾಣುವ ತಪ್ಪಿತಸ್ಥ ಭಾವ, ಬಿಡುವಿನ ವೇಳೆಯ ಆಟದ ಭಾವವಲ್ಲ. ತೀರಿಸದ ಋಣದ ಭಾವ ಅದು.

ಋಣವೆಂಬ ಪದ ಬಂದೊಡನೆ ಕನ್ನಡದ ಓದುಗನಿಗೆ ಪಿತೃಋಣ ನೆನಪಾಗುವುದು ಸಹಜ. ಇಲ್ಲಿ ಹೋಲಿಕೆಗಿಂತ ಅಂತರವೇ ಹೆಚ್ಚು ಬೋಧಕವಾಗಿದೆ. ಶ್ರಾದ್ಧದಲ್ಲಿ ತಂದೆ, ಅಜ್ಜ, ಮುತ್ತಜ್ಜ ಎಂಬ ಮೂರು ತಲೆಮಾರುಗಳಿಗೆ ಹೆಸರು ಗೋತ್ರ ಹೇಳಿ ಪಿಂಡವಿಡಲಾಗುತ್ತದೆ. ಹೊಸದಾಗಿ ತೀರಿಕೊಂಡವನು ಸಪಿಂಡೀಕರಣದಿಂದ ಈ ಸಾಲಿಗೆ ಸೇರಿದಾಗ ಮೇಲಿನವನೊಬ್ಬನು ಸಾಲಿನಿಂದ ಜಾರಿ, ಹೆಸರಿಲ್ಲದ ಪಿತೃಗಣದಲ್ಲಿ ಬೆರೆತುಹೋಗುತ್ತಾನೆ. ಮರೆಯುವುದಕ್ಕೆ ಈ ವಿಧಿ ಒಂದು ಮರ್ಯಾದೆಯ ದಾರಿಯನ್ನು ತಾನೇ ಮಾಡಿಕೊಟ್ಟಿದೆ. ಮಾರ್ಮನ್ ಶ್ರದ್ಧೆಯಲ್ಲಿ ಹಾಗೆ ಜಾರಲು ಯಾರಿಗೂ ಅವಕಾಶವಿಲ್ಲ, ಬೆಟ್ಟದೊಳಗಿನ ಉಗ್ರಾಣ ಅದರ ಸಾಕ್ಷಿ. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರು ಊರಿನಿಂದ ಬಂದ ತಂದೆತಾಯಿಯರನ್ನು ಒರ್ಲ್ಯಾಂಡೊಗೆ ಕರೆದೊಯ್ಯುವುದು ಈಗ ಯಾತ್ರೆಯ ಕ್ರಮದಂತೆ ಆಗಿದೆಯಷ್ಟೆ. ಅಲ್ಲಿಯ ಕೋಟೆಯ ಮುಂದೆ, ಸೀರೆಯ ಕೆಳಗೆ ಸ್ಪೋರ್ಟ್ಸ್ ಶೂ ತೊಟ್ಟು ನಿಂತ ಅಜ್ಜಿಯ ಫೋಟೊದಿಂದ ಕೆಲವು ವರ್ಷಗಳ ತರುವಾಯ ಮುಖವನ್ನಷ್ಟೇ ಬಿಡಿಸಿ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಗಂಧದ ಹಾರ ತೂಗುಬಿಡುವುದೂ ಉಂಟು. ಒಂದೇ ಚಿತ್ರ ಎರಡು ಬಗೆಯ ಸ್ಮರಣೆಗೆ ಸಲ್ಲುತ್ತದೆ, ಕತ್ತರಿ ಎರಡರಲ್ಲೂ ಕೆಲಸ ಮಾಡಿರುತ್ತದೆ.

ಪಾರ್ಕಿನ ಕಡೆಗೆ ಮರಳಿದರೆ ಇನ್ನೊಂದು ತೊಡಕು ಎದುರಾಗುತ್ತದೆ. ಡಿಸ್ನಿಲ್ಯಾಂಡಿನ ಬಾಗಿಲು ದಾಟಿದೊಡನೆ ಸಿಗುವ ಮೇನ್ ಸ್ಟ್ರೀಟ್, 1900ರ ಆಸುಪಾಸಿನ ಅಮೆರಿಕದ ಸಣ್ಣ ಪಟ್ಟಣವೊಂದರ ಪೇಟೆಬೀದಿಯ ಪ್ರತಿರೂಪ. ವಾಲ್ಟ್ ಡಿಸ್ನಿ ತನ್ನ ನಾಲ್ಕರಿಂದ ಒಂಬತ್ತರ ವಯಸ್ಸಿನವರೆಗೆ ಕಳೆದ ಮಿಸೌರಿಯ ಮಾರ್ಸೆಲೀನ್ ಪಟ್ಟಣದ ನೆನಪು ಅದಕ್ಕೆ ಪ್ರೇರಣೆಯೆಂದು ಹೇಳಲಾಗುತ್ತದೆ. ವಿನ್ಯಾಸಕಾರ ಹಾರ್ಪರ್ ಗೋಫ್ ತಾನು ಬೆಳೆದ ಕೊಲೊರಾಡೊದ ಫೋರ್ಟ್ ಕಾಲಿನ್ಸ್ ಪಟ್ಟಣದ ಕಟ್ಟಡಗಳ ಚಹರೆಯನ್ನು ಅದರೊಳಗೆ ಬೆರೆಸಿದನು. ಕಟ್ಟಡಗಳ ಮೇಲಿನ ಅಂತಸ್ತುಗಳನ್ನು ಕೆಳಗಿನದಕ್ಕಿಂತ ಕಿರಿದಾದ ಅಳತೆಯಲ್ಲಿ ಕಟ್ಟಿರುವುದರಿಂದ ಬೀದಿ ಎತ್ತರವಾಗಿಯೂ ಆಪ್ತವಾಗಿಯೂ ಕಾಣುತ್ತದೆ. ಹೀಗೆ ಪಾರ್ಕು ತಾನೇ ಇಬ್ಬರು ಮನುಷ್ಯರ ಬಾಲ್ಯದ ಸ್ಮೃತಿಗಳನ್ನು ಕತ್ತರಿಸಿ ಜೋಡಿಸಿದ, ಒಳಗೆ ನಡೆದಾಡಬಹುದಾದ ಸ್ಕ್ರ್ಯಾಪ್‌ಬುಕ್. ಅದನ್ನು ನೋಡಿಬಂದ ಕುಟುಂಬ ಮಾಡಿಕೊಳ್ಳುವ ಪುಸ್ತಕ ಸ್ಮೃತಿಯ ಸ್ಮೃತಿ. 1970ರ ದಶಕದಲ್ಲಿ ಉಂಬರ್ತೊ ಇಕೊ ಮತ್ತು 1981ರ ತನ್ನ ಗ್ರಂಥದಲ್ಲಿ ಝಾನ್ ಬೋದ್ರಿಯಾರ್ ಈ ತಾಣವನ್ನು ಮೂಲವಿಲ್ಲದ ನಕಲಿನ ಮಾದರಿಯೆಂಬಂತೆ ವಿಶ್ಲೇಷಿಸಿದ್ದಾರೆ. ಆ ವಿಶ್ಲೇಷಣೆಗಳು ಚುರುಕಾಗಿವೆಯಾದರೂ ಅವುಗಳಲ್ಲಿ ಮಕ್ಕಳಿಲ್ಲ. ನಕಲಿ ಕೋಟೆಯ ಮುಂದೆ ತಂದೆಯ ಹೆಗಲೇರಿ ಕುಳಿತ ಮಗುವಿನ ಪಾಲಿಗೆ ಹೆಗಲು ನಕಲಿಯಲ್ಲ ಎಂಬ ಸಾಧಾರಣ ಸಂಗತಿ ಆ ತತ್ತ್ವಜ್ಞರ ಕಣ್ಣಿಗೆ ಬೀಳದೆಹೋಯಿತು.

ಯಾವುದನ್ನು ನೆನೆಯಬೇಕೆಂಬುದನ್ನು ಪಾರ್ಕು ಮೊದಲೇ ಸೂಚಿಸಿರುತ್ತದೆ ಎಂಬ ಆಕ್ಷೇಪವಾದರೋ ಹೆಚ್ಚು ಗಟ್ಟಿಯಾದುದು. ಫೋಟೊ ತೆಗೆಯಲು ತಕ್ಕ ಸ್ಥಳಗಳನ್ನು ಗುರುತಿಸಿ ಕೊಡ್ಯಾಕ್ ಕಂಪನಿ ಡಿಸ್ನಿ ಪಾರ್ಕುಗಳಲ್ಲಿ ಫಲಕಗಳನ್ನು ನಿಲ್ಲಿಸಿತ್ತು. ಇಳಿಜಾರಿನಲ್ಲಿ ಧುಮುಕುವ ಕ್ಷಣದಲ್ಲಿ ಸವಾರರ ಮುಖವನ್ನು ಯಂತ್ರವೇ ಸೆರೆಹಿಡಿದು ಹೊರಬಾಗಿಲಿನಲ್ಲಿ ಮಾರುವ ಏರ್ಪಾಡು ಈಗ ಎಲ್ಲೆಡೆ ಸಾಮಾನ್ಯ. ಹಾಗೆ ಬಂದ ಫೋಟೊದಲ್ಲಿ ಕಾಣುವ ಬಾಯ್ದೆರೆದ ಮುಖವನ್ನು ಅದರ ಒಡೆಯ ಅನುಭವದ ಕಾಲದಲ್ಲಿ ಕಂಡೇ ಇರಲಿಲ್ಲ. ನೆನಪಿನಲ್ಲಿ ಮಾತ್ರ ಆ ಮುಖವೇ ಸವಾರಿಯ ಗುರುತಾಗಿ ನಿಲ್ಲುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಲಿಂಡಾ ಹೆಂಕೆಲ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಸ್ತುಸಂಗ್ರಹಾಲಯದಲ್ಲಿ ಫೋಟೊ ತೆಗೆದ ವಸ್ತುಗಳಿಗಿಂತ ಸುಮ್ಮನೆ ನೋಡಿದ ವಸ್ತುಗಳೇ ಜನರಿಗೆ ಚೆನ್ನಾಗಿ ನೆನಪಿದ್ದವು. ವಸ್ತುವಿನ ಒಂದು ಭಾಗವನ್ನು ಆಯ್ದು ಹತ್ತಿರಕ್ಕೆ ತಂದುಕೊಂಡು ತೆಗೆದಾಗ ಮಾತ್ರ ಈ ನಷ್ಟ ಕಾಣಲಿಲ್ಲ. ಪ್ಲೇಟೊನ ‘ಫೀಡ್ರಸ್’ ಸಂವಾದದಲ್ಲಿ ಬರವಣಿಗೆಯನ್ನು ಕಂಡುಹಿಡಿದ ದೇವತೆಗೆ ಈಜಿಪ್ಟಿನ ರಾಜನೊಬ್ಬನು ಎತ್ತುವ ಆಕ್ಷೇಪ ಇದೇ ಜಾತಿಯದು: ಹೊರಗಿನ ಗುರುತುಗಳನ್ನು ನಂಬಿದವರು ಒಳಗಿನ ಸ್ಮರಣೆಯ ಅಭ್ಯಾಸವನ್ನು ಬಿಟ್ಟುಬಿಡುತ್ತಾರೆಂಬುದು ಅವನ ಅಂಜಿಕೆ. ಸ್ಕ್ರ್ಯಾಪ್‌ಬುಕ್ಕಿನ ಪರವಾಗಿ ಒಂದು ಮಾತು ಹೇಳಬಹುದಾದರೆ, ಅದು ಕ್ಯಾಮೆರಾಕ್ಕಿಂತ ನಿಧಾನದ ಸಾಧನ. ನೂರು ಫೋಟೊಗಳಲ್ಲಿ ಏಳನ್ನು ಆಯ್ದು, ಅಂಚು ಕತ್ತರಿಸಿ, ಯಾವುದರ ಪಕ್ಕ ಯಾವುದು ಎಂದು ಒಂದು ಸಂಜೆಯೆಲ್ಲ ತೂಗಿನೋಡುವವಳು ಹೆಂಕೆಲ್ ಗಮನಿಸಿದ ಆಯ್ಕೆಯ ಕೆಲಸವನ್ನೇ ತಡವಾಗಿ ಮಾಡುತ್ತಿರುತ್ತಾಳೆ.

ಆದರೆ ಹೀಗೆ ತಡವಾಗಿ ಮಾಡುವ ಆಯ್ಕೆ ನೆನಪನ್ನು ಉಳಿಸುವುದರ ಜೊತೆಗೆ ಹುಟ್ಟಿಸಲೂಬಹುದು. ಕ್ಯಾಥ್ರಿನ್ ಬ್ರೌನ್, ರಿಯಾನನ್ ಎಲಿಸ್ ಮತ್ತು ಎಲಿಜಬೆತ್ ಲಾಫ್ಟಸ್ 2002ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಥೀಮ್ ಪಾರ್ಕಿನ ನೆನಪಿನ ಮೇಲೆಯೇ ನಡೆದದ್ದು. ಬಾಲ್ಯದಲ್ಲಿ ಡಿಸ್ನಿಲ್ಯಾಂಡಿಗೆ ಹೋದಾಗ ಬಗ್ಸ್ ಬನ್ನಿ ಎಂಬ ಮೊಲದ ಕೈಕುಲುಕಿದಂತೆ ಬಣ್ಣಿಸುವ ಕಲ್ಪಿತ ಜಾಹೀರಾತನ್ನು ಓದಿದವರಲ್ಲಿ ನೂರಕ್ಕೆ ಸುಮಾರು 16 ಮಂದಿ, ತಮಗೂ ಹಾಗೆ ಕೈಕುಲುಕಿದ್ದು ನೆನಪಿದೆಯೆಂದೋ ಖಂಡಿತ ನಡೆದಿತ್ತೆಂದೋ ತರುವಾಯ ಹೇಳಿದರು. ಬಗ್ಸ್ ಬನ್ನಿ ವಾರ್ನರ್ ಬ್ರದರ್ಸ್ ಕಂಪನಿಯ ಪಾತ್ರ. ಅದು ಪ್ರತಿಸ್ಪರ್ಧಿಯ ಪಾರ್ಕಿನಲ್ಲಿ ಕಾಲಿಡುವ ಸಂಭವವೇ ಇಲ್ಲ. ಅದೇ ವರ್ಷ ಕಿಂಬರ್ಲಿ ವೇಡ್ ಮತ್ತು ಸಂಗಡಿಗರು, ಬಾಲ್ಯದ ನಿಜವಾದ ಫೋಟೊಗಳನ್ನು ಬಿಸಿಗಾಳಿಯ ಬಲೂನಿನ ಚಿತ್ರದೊಳಗೆ ಕೂಡಿಸಿ ತೋರಿಸಿದಾಗ, ಎಂದೂ ನಡೆಯದ ಬಲೂನಿನ ಸವಾರಿಯನ್ನು ಅರ್ಧದಷ್ಟು ಜನ ಪೂರ್ತಿಯಾಗಿಯೋ ಭಾಗಶಃವಾಗಿಯೋ ನೆನೆದರು. ಇದಕ್ಕೆ ಶೈಶವದ ವಿಸ್ಮೃತಿಯನ್ನೂ ಸೇರಿಸಿಕೊಳ್ಳಬೇಕು: ದೊಡ್ಡವರು ನೆನೆಯಬಲ್ಲ ಮೊದಲ ಘಟನೆ ಸರಾಸರಿ ಮೂರು, ಮೂರೂವರೆ ವರ್ಷದ ವಯಸ್ಸಿನದೆಂದು ಮನಶ್ಶಾಸ್ತ್ರ ಹೇಳುತ್ತದೆ. ಎರಡು ವರ್ಷದ ಮಗುವನ್ನು ಪಾರ್ಕಿಗೆ ಕರೆದೊಯ್ಯುವ ತಂದೆತಾಯಿಯರು, ಮಗುವಿಗೆ ಎಂದೂ ನೆನಪಿರದ ದಿನವನ್ನು ಮಗುವಿನ ನೆನಪಿಗಾಗಿಯೇ ಸಿದ್ಧಪಡಿಸುತ್ತಿರುತ್ತಾರೆ. ಇಪ್ಪತ್ತರ ಹರೆಯದಲ್ಲಿ ಆ ಮಗು ಪುಟ ತಿರುಗಿಸಿ ‘ನೆನಪಿದೆ’ ಎಂದರೆ, ಅದರ ಅರ್ಥವೇನು?

ನೈಯಾಯಿಕನ ಉತ್ತರ ಕಟುವಾಗಿದೆ. ನ್ಯಾಯದರ್ಶನದಲ್ಲಿ ಪ್ರಮೆ, ಎಂದರೆ ಸರಿಯಾದ ಜ್ಞಾನ, ಅನುಭವದ ಜಾತಿಗೆ ಸೇರಿದ್ದು. ಸ್ಮೃತಿ ಆ ಜಾತಿಯ ಹೊರಗಿರುವುದರಿಂದ ಅದು ನಿಜವನ್ನೇ ಹೇಳಿದರೂ ಪ್ರಮಾಣದ ಪಟ್ಟ ಅದಕ್ಕಿಲ್ಲ. 9ನೆಯ ಶತಮಾನದ ಕಾಶ್ಮೀರದ ಜಯಂತಭಟ್ಟ ‘ನ್ಯಾಯಮಂಜರಿ’ಯಲ್ಲಿ ಕೊಡುವ ಕಾರಣ ಗಮನಾರ್ಹ: ಸ್ಮೃತಿ ತನ್ನ ವಸ್ತುವಿನಿಂದ ಹುಟ್ಟಿದ್ದಲ್ಲ, ಅದು ಏಳುವ ಹೊತ್ತಿಗೆ ವಸ್ತು ಎದುರಿಗಿಲ್ಲ. ಜೈನರು ಇದನ್ನು ಒಪ್ಪಲಿಲ್ಲ. ಅಕಲಂಕನ ಪರಂಪರೆಯ ಜೈನ ತಾರ್ಕಿಕರು ಪರೋಕ್ಷಪ್ರಮಾಣದ ಐದು ಬಗೆಗಳಲ್ಲಿ ಸ್ಮೃತಿಯನ್ನೇ ಮೊದಲು ಎಣಿಸಿ, ಎರಡನೆಯದಾಗಿ ಪ್ರತ್ಯಭಿಜ್ಞೆಯನ್ನು, ಎಂದರೆ ‘ಅಂದು ಕಂಡದ್ದು ಇದೇ’ ಎಂಬ ಗುರುತಿಸುವಿಕೆಯನ್ನು, ಇಟ್ಟರು. ಸ್ಮೃತಿಯ ಪರವಾಗಿ ಅಷ್ಟೇ ದಿಟ್ಟವಾಗಿ ನಿಂತ ಇನ್ನೊಂದು ದರ್ಶನ ಉಡುಪಿಯ ನೆಲದಲ್ಲಿ 13ನೆಯ ಶತಮಾನದಲ್ಲಿ ಮೂಡಿದ ಮಧ್ವಾಚಾರ್ಯರದು. ಜಯತೀರ್ಥರು ‘ಪ್ರಮಾಣಪದ್ಧತಿ’ಯಲ್ಲಿ ವ್ಯವಸ್ಥೆಗೊಳಿಸಿದಂತೆ, ದ್ವೈತಮತದಲ್ಲಿ ಮನಸ್ಸು ಒಂದು ಇಂದ್ರಿಯ, ಸ್ಮೃತಿ ಆ ಇಂದ್ರಿಯದ ಪ್ರತ್ಯಕ್ಷ, ಕಣ್ಣು ಎದುರಿನ ಮರವನ್ನು ಕಾಣುವಂತೆ ಮನಸ್ಸು ಸಂಸ್ಕಾರದ ಮೂಲಕ ಕಳೆದುಹೋದದ್ದನ್ನು ಕಳೆದುಹೋದದ್ದೆಂದೇ ಕಾಣುತ್ತದೆ. ಅನುಭವದಲ್ಲಿ ‘ಇದು’ ಆಗಿದ್ದದ್ದು ಸ್ಮೃತಿಯಲ್ಲಿ ‘ಅದು’ ಆಗುತ್ತದೆ. ಈ ಸಣ್ಣ ಬದಲಾವಣೆಯಲ್ಲಿ, ಅನುಭವದ ಹೊತ್ತಿನಲ್ಲಿ ಇಲ್ಲದಿದ್ದ ಒಂದು ತಿಳಿವು, ಕಾಲ ಸರಿದಿದೆಯೆಂಬ ತಿಳಿವು, ಸೇರಿಕೊಂಡಿರುತ್ತದೆ.

ಈ ವಾದಗಳಲ್ಲಿ ಯಾವುದನ್ನು ಹಿಡಿದರೂ ಎರಡು ವರ್ಷದ ಮಗುವಿನ ಪ್ರಶ್ನೆ ಬಗೆಹರಿಯುವುದಿಲ್ಲ, ಏಕೆಂದರೆ ಅಲ್ಲಿ ಸಂಸ್ಕಾರವೇ ಉಳಿದಿಲ್ಲ; ಉಳಿದಿದ್ದರೂ ಏಳುವಷ್ಟು ಬಲ ಅದಕ್ಕಿಲ್ಲ. ಆದುದರಿಂದ ಸ್ಕ್ರ್ಯಾಪ್‌ಬುಕ್ಕನ್ನು ಸ್ಮೃತಿಯ ಕೋಶವೆಂದು ತಿಳಿಯುವುದನ್ನೇ ಬಿಟ್ಟು, ಅದನ್ನು ಶಬ್ದಪ್ರಮಾಣದ ವರ್ಗಕ್ಕೆ ಸೇರಿಸುವುದು ಯುಕ್ತ. ಶಬ್ದಪ್ರಮಾಣವೆಂದರೆ ಆಪ್ತನ ಮಾತಿನಿಂದ ಬರುವ ತಿಳಿವು. ಆಪ್ತನೆಂದರೆ ವಿಷಯವನ್ನು ತಾನು ಬಲ್ಲವನು, ಬಲ್ಲದ್ದನ್ನು ಇದ್ದಂತೆ ಹೇಳುವ ಇಚ್ಛೆಯುಳ್ಳವನು. ಮಗು ತನ್ನ ಹುಟ್ಟಿದ ದಿನವನ್ನು ತಿಳಿಯುವುದು ಹೀಗೆಯೇ. ತನ್ನ ಹೆಸರನ್ನು, ಗೋತ್ರವನ್ನು, ಯಾರು ತನ್ನ ತಂದೆಯೆಂಬುದನ್ನು ಕೂಡ ಅದು ತಿಳಿಯುವುದು ಮಾತಿನಿಂದಲೇ. ಈ ದೃಷ್ಟಿಯಿಂದ ನೋಡಿದರೆ ಬಗ್ಸ್ ಬನ್ನಿಯ ಪ್ರಯೋಗದಲ್ಲಿ ಎಡವಿದವರ ತಪ್ಪು, ಕೇಳಿದ್ದನ್ನು ಕಂಡದ್ದೆಂದು ಎಣಿಸಿದ್ದು. ಶಬ್ದವು ಸ್ಮೃತಿಯ ವೇಷ ತೊಟ್ಟಿತ್ತು, ಹೇಳಿದವರು ಆಪ್ತರೂ ಆಗಿರಲಿಲ್ಲ. ಹಾಗಾದರೆ ಸ್ಕ್ರ್ಯಾಪ್‌ಬುಕ್ಕಿನ ಮುಂದೆ ಕೇಳಬೇಕಾದ ಪ್ರಶ್ನೆ, ನೆನಪು ಎಷ್ಟು ಚೆನ್ನಾಗಿ ಉಳಿದಿದೆ ಎಂಬುದಕ್ಕಿಂತ, ಅದನ್ನು ಕಟ್ಟಿದವಳು ಎಷ್ಟರಮಟ್ಟಿಗೆ ಆಪ್ತೆ ಎಂಬುದು.

ಇಲ್ಲಿ ಬಿಟ್ಟುಹೋದ ಸಂಗತಿಗಳ ವಿಚಾರ ಬರುತ್ತದೆ. ಪಾರ್ಕಿನ ಒಂದು ದಿನದ ಬಹುಪಾಲು ಸರದಿಯಲ್ಲಿ ಕಳೆಯುತ್ತದೆ. ಬಿಸಿಲು, ಬಾಯಾರಿಕೆ, ಕಾಲುನೋವು, ತಿಂಡಿಯ ಬೆಲೆ ನೋಡಿ ತಂದೆಯ ಮುಖ ಗಂಟಿಕ್ಕುವುದು, ಮಗು ನೆಲಕ್ಕೆ ಬಿದ್ದು ಹಟ ಮಾಡುವುದು, ಇವೆಲ್ಲ ಆ ದಿನದ ಸತ್ಯಾಂಶಗಳೇ. ಪುಟದ ಮೇಲೆ ಇವು ಬರುವುದಿಲ್ಲ. ಡೇನಿಯಲ್ ಕಾನ್‌ಮನ್ 2011ರ ತನ್ನ ಪುಸ್ತಕದಲ್ಲಿ ಅನುಭವಿಸುವ ತಾನು ಮತ್ತು ನೆನೆಯುವ ತಾನು ಎಂಬ ಎರಡನ್ನು ಬೇರ್ಪಡಿಸಿ, ಒಂದು ವಿಚಾರಪ್ರಯೋಗವನ್ನು ಮುಂದಿಟ್ಟಿದ್ದಾನೆ: ಪ್ರವಾಸದ ಕೊನೆಗೆ ಫೋಟೊಗಳೆಲ್ಲ ನಾಶವಾಗಿ, ಔಷಧಿಯೊಂದರಿಂದ ನೆನಪೆಲ್ಲ ಅಳಿದುಹೋಗುವುದಾದರೆ, ಜನ ಅದೇ ಪ್ರವಾಸವನ್ನು ಆರಿಸಿಕೊಳ್ಳುವರೇ? ಹೋಗುವುದಿಲ್ಲವೆನ್ನುವವರು, ನೆನೆಯುವ ತನಗಾಗಿ ಅನುಭವಿಸುವ ತನ್ನನ್ನು ದುಡಿಸಿಕೊಳ್ಳುತ್ತಿರುವವರೆಂದು ಅರ್ಥ. ಕಾನ್‌ಮನ್ನನ ಪ್ರಶ್ನೆಯಲ್ಲಿ ಒಂದು ಕೊರತೆಯಿದೆ, ಅಲ್ಲಿ ಪ್ರವಾಸಿ ಒಂಟಿ. ಎರಡು ವರ್ಷದ ಮಗುವನ್ನು ಕರೆದೊಯ್ಯುವ ಕುಟುಂಬವು ಆ ಔಷಧಿಯನ್ನು ಒಬ್ಬ ಸದಸ್ಯನಿಗೆ ಕುಡಿಸಿಯೇ ಹೊರಟಂತೆ. ಆದರೂ ಅದು ಹೊರಡುತ್ತದೆ.

ಅಳುವ ಮಗುವಿನ ಫೋಟೊವನ್ನು ಬಿಡುವುದು ಸುಳ್ಳೇ? ಸುಮ್ಮನಿರುವುದಕ್ಕೂ ಸುಳ್ಳು ಹೇಳುವುದಕ್ಕೂ ಧರ್ಮಶಾಸ್ತ್ರಗಳು ಅಂತರ ಮಾಡಿವೆ. ಪ್ರಿಯವಲ್ಲದ ಸತ್ಯವನ್ನು ಆಡದಿರುವುದನ್ನು ಅವು ಒಪ್ಪುತ್ತವೆ, ಪ್ರಿಯವಾದ ಅಸತ್ಯವನ್ನು ಒಪ್ಪುವುದಿಲ್ಲ. ಈ ಅಳತೆಯಲ್ಲಿ ಬಹುತೇಕ ಸ್ಕ್ರ್ಯಾಪ್‌ಬುಕ್ಕುಗಳು ನಿರ್ದೋಷಿಗಳು. ಆದರೆ ಅಂಗಡಿಯಲ್ಲಿ ಸಿದ್ಧವಾಗಿ ದೊರೆಯುವ, ‘ಅದ್ಭುತ ದಿನ’ ಎಂಬರ್ಥದ ಮಾತು ಮುದ್ರಿಸಿದ ಹೊಳಪಿನ ಅಂಟುಚೀಟಿ ಬೇರೆಯೇ ಸಂಗತಿ. ಅದನ್ನು ಬರೆದವನು ಆ ದಿನವನ್ನು ಕಂಡವನಲ್ಲ. ಆಪ್ತನ ಮೊದಲ ಲಕ್ಷಣವೇ ಅವನಲ್ಲಿಲ್ಲ. ವಕ್ರವಾಗಿಯಾದರೂ ಕೈಯಿಂದ ಬರೆದ ಸಾಲಿಗೆ, ‘ಎರಡು ತಾಸು ಕಾದೆವು, ಚಿಕ್ಕವನು ಸರದಿಯಲ್ಲೇ ನಿದ್ದೆಹೋದ’ ಎಂಬಂಥ ಮಾತಿಗೆ, ಈ ಹವ್ಯಾಸದ ಹಿರಿಯರು ಕೊಡುವ ಮಹತ್ವ ಸೌಂದರ್ಯದ ದೃಷ್ಟಿಯದೆಂದು ತೋರಬಹುದು. ವಾಸ್ತವವಾಗಿ ಅದು ಪ್ರಾಮಾಣ್ಯದ ದೃಷ್ಟಿಯದು.

ಪುಸ್ತಕ ಕಟ್ಟುವವಳು ಬಹಳ ಮಟ್ಟಿಗೆ ತಾಯಿ. ಕ್ಯಾಮೆರಾ ಹಿಡಿದವಳೂ ಅವಳೇ ಆಗಿದ್ದರೆ ಪುಟಗಳಲ್ಲಿ ಅವಳ ಮುಖವೇ ಇರುವುದಿಲ್ಲ. ಇಡೀ ಪ್ರವಾಸದ ಪುಸ್ತಕದಲ್ಲಿ ಅವಳ ಗುರುತೆಂದರೆ ನೆಲದ ಮೇಲೆ ಬಿದ್ದ ನೆರಳು, ಎಲ್ಲರ ಕಣ್ಣುಗಳೂ ನೆಟ್ಟಿರುವ ದಿಕ್ಕು, ಮತ್ತು ಕೈಬರಹ. ವೇದಾಂತದಲ್ಲಿ ಸಾಕ್ಷಿಯೆಂಬ ಪದಕ್ಕೆ ಇರುವ ಅರ್ಥಕ್ಕೆ ಇದಕ್ಕಿಂತ ಹತ್ತಿರದ ಲೌಕಿಕ ದೃಷ್ಟಾಂತ ಸಿಗುವುದು ಕಷ್ಟ. ಅದ್ವೈತಕ್ಕೆ ಸಾಕ್ಷಿಯೆಂದರೆ ದೃಶ್ಯಗಳೆಲ್ಲವನ್ನೂ ಬೆಳಗುತ್ತ ತಾನು ದೃಶ್ಯವಾಗದ ಚೈತನ್ಯ. ದ್ವೈತಕ್ಕೆ ಅದು ಜೀವನ ಸ್ವರೂಪವೇ ಆದ ಇಂದ್ರಿಯ, ಸುಖದುಃಖಗಳನ್ನೂ ಕಾಲವನ್ನೂ ನೇರವಾಗಿ ತಿಳಿಯುವ, ಎಂದೂ ತಪ್ಪದ ಇಂದ್ರಿಯ. ಎರಡನೆಯ ಅರ್ಥವೇ ಇಲ್ಲಿ ಹೆಚ್ಚು ಹೊಂದುತ್ತದೆ. ಕಂಡದ್ದರಲ್ಲಿ ತಾಯಿ ಎಡವಿರಬಹುದು, ಯಾವ ದಿನ ಯಾವ ಸವಾರಿಯೆಂಬುದು ತಲೆಕೆಳಗಾಗಿರಬಹುದು. ಆ ಸಂಜೆ ತಾನು ಸುಖವಾಗಿದ್ದೆನೆಂಬ ವಿಷಯದಲ್ಲಿ ಅವಳನ್ನು ತಿದ್ದಬಲ್ಲವರು ಯಾರೂ ಇಲ್ಲ.

ಅವಳು ಇಲ್ಲವಾದ ಮೇಲೆ ಪುಸ್ತಕದ ಸ್ಥಿತಿ ಬದಲಾಗುತ್ತದೆ. ರೊಲಾನ್ ಬಾರ್ತ್, 1977ರಲ್ಲಿ ತಾಯಿ ತೀರಿಕೊಂಡ ಬಳಿಕ ಬರೆದು 1980ರಲ್ಲಿ ಪ್ರಕಟಿಸಿದ ಫೋಟೊಗ್ರಫಿಯ ಕುರಿತ ಗ್ರಂಥದಲ್ಲಿ, ಐದು ವರ್ಷದ ಹುಡುಗಿಯಾಗಿ ಗಾಜಿನ ತೋಟಮನೆಯಲ್ಲಿ ನಿಂತ ತಾಯಿಯ ಚಿತ್ರವನ್ನು ಪುಟಗಟ್ಟಲೆ ವಿವರಿಸುತ್ತಾನೆ, ಆದರೆ ಬೇರೆ ಹಲವು ಚಿತ್ರಗಳನ್ನು ಅಚ್ಚು ಹಾಕಿದವನು ಅದೊಂದನ್ನು ಮಾತ್ರ ಹಾಕುವುದಿಲ್ಲ; ಇತರರ ಪಾಲಿಗೆ ಅದು ಯಾವುದೋ ಹಳೆಯ ಫೋಟೊ ಆಗಿಬಿಡುತ್ತದೆಂಬುದು ಅವನು ಕೊಡುವ ಕಾರಣ. ಅಮೆರಿಕದ ಹಳೆಯ ಸಾಮಾನಿನ ಸಂತೆಗಳಲ್ಲಿ ಯಾರದೋ ಕುಟುಂಬದ ಆಲ್ಬಮ್ಮುಗಳು ಕೆಲವು ಡಾಲರಿಗೆ ಬಿಕರಿಯಾಗುವುದನ್ನು ನೋಡಿದರೆ ಅವನ ಅಳುಕು ಅರ್ಥವಾಗುತ್ತದೆ. ಶಬ್ದಕ್ಕೆ ಆಪ್ತಳೂ ಬೇಕು, ಕೇಳುವವನೂ ಬೇಕು. ಇಬ್ಬರಲ್ಲಿ ಒಬ್ಬರು ತಪ್ಪಿದರೆ ಉಳಿಯುವುದು ಕಾಗದ.

ಕಾಗದದ ಬಾಳಿಕೆಗಾಗಿ ಈ ಹವ್ಯಾಸಿಗಳು ಪಡುವ ಶ್ರಮ ಚಿಕ್ಕದಲ್ಲ. ಮರದ ತಿರುಳಿನ ಕಾಗದದಲ್ಲಿ ಉಳಿಯುವ ಲಿಗ್ನಿನ್ ಎಂಬ ದ್ರವ್ಯವೂ ಆಮ್ಲವೂ ಸೇರಿ ಪುಟವನ್ನು ಹಳದಿಗಟ್ಟಿಸಿ ಪುಡಿಪುಡಿ ಮಾಡುತ್ತವೆ. 1970ರ ದಶಕದಲ್ಲಿ ಮನೆಮನೆಯಲ್ಲಿದ್ದ, ಅಂಟಿನ ಪಟ್ಟೆಗಳ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚುವ ಆಲ್ಬಮ್ಮುಗಳು ತಮ್ಮೊಳಗಿನ ಫೋಟೊಗಳನ್ನು ತಾವೇ ಕೆಡಿಸಿದವು. ಆದುದರಿಂದ ಆಮ್ಲರಹಿತ ಕಾಗದ, ಪಿವಿಸಿ ಇಲ್ಲದ ಹೊದಿಕೆ, ಮಾಸದ ಶಾಯಿ ಎಂಬ ಮೂರು ನಿಯಮಗಳು ಈ ಬಳಗದಲ್ಲಿ ಮಡಿಯ ನಿಯಮಗಳಷ್ಟೇ ಕಟ್ಟುನಿಟ್ಟು. ಶಾಖದಿಂದ ಅಚ್ಚಾಗುವ ಈಗಿನ ರಸೀದಿಗಳು ಮಾತ್ರ ಯಾವ ಮಡಿಗೂ ಬಗ್ಗದೆ ಕೆಲವೇ ವರ್ಷಗಳಲ್ಲಿ ಬರಿಯ ಬಿಳಿ ಚೂರುಗಳಾಗುತ್ತವೆ. ಬಲ್ಲವರು ಅವುಗಳ ನಕಲು ತೆಗೆದು ನಕಲನ್ನೇ ಅಂಟಿಸುತ್ತಾರೆ.

ಡಿಸ್ನಿಲ್ಯಾಂಡಿನ ಹಳೆಯ ಟಿಕೆಟುಗಳಿಗೆ ಈ ತೊಂದರೆ ಇರಲಿಲ್ಲ, ಅವು ಗಟ್ಟಿಯಾಗಿ ಅಚ್ಚಾದ ಕಾಗದದವು. 1955ರ ಅಕ್ಟೋಬರಿನಿಂದ 1982ರವರೆಗೆ ಅಲ್ಲಿ ಸವಾರಿಗಳನ್ನು ಅಕ್ಷರಗಳಿಂದ ದರ್ಜೆ ಮಾಡಿದ ಚೀಟಿಗಳ ಪುಸ್ತಕ ಮಾರಾಟವಾಗುತ್ತಿತ್ತು. 1959ರಲ್ಲಿ ಸೇರಿದ ‘ಇ’ ದರ್ಜೆಯ ಚೀಟಿ ಎಲ್ಲಕ್ಕಿಂತ ದೊಡ್ಡ ಸವಾರಿಗಳದು, ‘ಎ’ ದರ್ಜೆಯದು ಮೇನ್ ಸ್ಟ್ರೀಟಿನ ಕುದುರೆಗಾಡಿಯಂಥ ಸಣ್ಣ ಸವಾರಿಗಳದು. ಸಂಜೆಯಾಗುವ ಹೊತ್ತಿಗೆ ‘ಇ’ ಚೀಟಿಗಳು ಮುಗಿದು, ‘ಎ’ ಚೀಟಿಗಳು ಹಾಗೆಯೇ ಉಳಿದು, ಜೇಬಿನಲ್ಲಿ ಮನೆಗೆ ಬರುತ್ತಿದ್ದವು. ಅವುಗಳಲ್ಲಿ ಎಷ್ಟೋ ಚೀಟಿಗಳು ಸ್ಕ್ರ್ಯಾಪ್‌ಬುಕ್ಕಿನ ಪುಟ ಸೇರಿದವು. ಬಳಸಿದ ಚೀಟಿ ಸವಾರಿಯೊಂದಿಗೆ ಹೋಯಿತು, ಬಳಸದ್ದು ಉಳಿಯಿತು. ಹೀಗೆ ಉಳಿದ ಚೀಟಿ ಯಾವ ಅನುಭವದ ಗುರುತೂ ಅಲ್ಲ, ಅದರಿಂದ ಏಳತಕ್ಕ ಸಂಸ್ಕಾರವೂ ಇಲ್ಲ. ಅಭಾವವನ್ನೂ ಒಂದು ಪದಾರ್ಥವೆಂದು ಎಣಿಸಿದ ನೈಯಾಯಿಕರು, ಗಡಿಗೆ ಹುಟ್ಟುವ ಮೊದಲು ಮಣ್ಣಿನಲ್ಲಿರುವ ಗಡಿಗೆಯ ಅಭಾವಕ್ಕೆ ಪ್ರಾಗಭಾವವೆಂದು ಹೆಸರಿಟ್ಟಿದ್ದಾರೆ. ಅದಕ್ಕೆ ಆದಿಯಿಲ್ಲ, ಗಡಿಗೆ ಹುಟ್ಟಿದೊಡನೆ ಅಂತ್ಯವುಂಟು. ಹತ್ತದೆ ಬಿಟ್ಟ ಕುದುರೆಗಾಡಿಯ ಸವಾರಿ ಆ ಸಂಜೆಯವರೆಗೆ ಪ್ರಾಗಭಾವವೆಂಬಂತೆಯೇ ಇತ್ತು. ಬಾಗಿಲು ಮುಚ್ಚುವ ಹೊತ್ತಾಗಿ, ನಿದ್ದೆಹೋದ ಮಗುವನ್ನು ತಂದೆ ಎತ್ತಿಕೊಂಡು ಕಾರಿನ ಕಡೆಗೆ ನಡೆದ ಮೇಲೆ ಅದನ್ನು ಯಾವ ಅಭಾವವೆಂದು ಕರೆಯಬೇಕೋ ತಾರ್ಕಿಕರು ನಿರ್ಣಯಿಸಬೇಕು. ಪುಟದಲ್ಲಂತೂ ಅದಕ್ಕೆ ಫೋಟೊಗಳಿಗಿರುವಷ್ಟೇ ಜಾಗವಿದೆ, ನಾಲ್ಕು ಮೂಲೆಗಳಿಗೂ ಅಂಟು ಹಚ್ಚಿದೆ, ಕೆಳಗೆ ಕೈಬರಹದಲ್ಲಿ ತಾರೀಖು ಇದೆ.